ಶ್ವೈನ್‌ಫರ್ಟ್, ರೆಗೆನ್ಸ್‌ಬರ್ಗ್, 17 ಆಗಸ್ಟ್ 1943: ಸೂರು ಬಿತ್ತು, ಲೇತ್ ಉಳಿಯಿತು

ಪೀಣ್ಯ ಫಿಟ್ಟರ್:

ಎಲ್ಲರಿಗೂ ನಮಸ್ಕಾರ. ನಿನ್ನೆ ಒಂದು ಮೋಟರ್ ಬಿಚ್ಚಿದ್ದೆ. ಹಳೆ 6205 ಬೇರಿಂಗ್ (ಒಳಗೆ ಉಕ್ಕಿನ ಗುಂಡುಗಳಿರುವ, ಶಾಫ್ಟ್ ಸಲೀಸಾಗಿ ತಿರುಗಲು ಹಾಕುವ ಉಂಗುರ) ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ಬೆರಳಿಗೆ ಸಿಕ್ಕಿಸಿ ತಿರುಗಿಸಿ ಕಿವಿ ಹತ್ತಿರ ಹಿಡಿದೆ. ಗರಗರ ಅಂತಿತ್ತು, ಹೋಗಿದೆ ಅಂತ ಗೊತ್ತಾಯಿತು. ಹೊಸದರ ಡಬ್ಬದ ಮೇಲೆ ಎಫ್‌ಎಜಿ ಅಂತ ಬರೆದಿತ್ತು. ಇಪ್ಪತ್ತೆರಡು ವರ್ಷದಿಂದ ಆ ಡಬ್ಬ ನೋಡ್ತಾ ಇದ್ದೇನೆ. ಆ ಹೆಸರಿನ ಕಂಪನಿ ಹುಟ್ಟಿದ್ದು ಜರ್ಮನಿಯ ಶ್ವೈನ್‌ಫರ್ಟ್ ಅನ್ನೋ ಊರಲ್ಲಿ ಅಂತ ಗೊತ್ತಾಗಿದ್ದು ಮಾತ್ರ ಈಚೆಗೆ. 1883ರಲ್ಲಿ ಅಲ್ಲಿ ಫ್ರೀಡ್‌ರಿಶ್ ಫಿಷರ್ ಅನ್ನುವವರು ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಉಜ್ಜುವ ಯಂತ್ರ ಮಾಡಿದರು. ಇವತ್ತು ನಾವು ಕೈಯಲ್ಲಿ ಹಿಡಿಯುವ ಬೇರಿಂಗ್‌ಗಳ ಕತೆ ದೊಡ್ಡ ಪಾಲು ಅಲ್ಲಿಂದಲೇ ಶುರು.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅದೇ ಊರಿನ ಮೇಲೆ 1943ರ ಆಗಸ್ಟ್ 17ರಂದು ಅಮೆರಿಕದ ವಿಮಾನಗಳು ಬಾಂಬ್ ಹಾಕಿದವು. ಅದೇ ದಿನ ಮೆಸರ್‌ಶ್ಮಿಟ್ ಯುದ್ಧವಿಮಾನ ತಯಾರಾಗುತ್ತಿದ್ದ ರೆಗೆನ್ಸ್‌ಬರ್ಗ್ ಮೇಲೂ ಹಾಕಿದವು. ಲೆಕ್ಕಾಚಾರ ಸರಳ. ಜರ್ಮನಿಯ ಬೇರಿಂಗ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧ ಶ್ವೈನ್‌ಫರ್ಟ್ ಒಂದರಿಂದಲೇ ಬರುತ್ತಿತ್ತು. ಬೇರಿಂಗ್ ಇಲ್ಲದೆ ಇಂಜಿನ್ ಇಲ್ಲ, ಇಂಜಿನ್ ಇಲ್ಲದೆ ವಿಮಾನ ಇಲ್ಲ. ಊರು ಒಂದು, ಪೆಟ್ಟು ಒಂದು, ಕೆಲಸ ಮುಗಿಯಿತು ಅಂತ ಅವರು ಅಂದುಕೊಂಡರು.

ಮುಗಿಯಲಿಲ್ಲ. ಆ ದಿನ ಹೊರಟ 376 ಬಿ-17 ಬಾಂಬರ್ ವಿಮಾನಗಳಲ್ಲಿ 60 ವಾಪಸ್ ಬರಲಿಲ್ಲ. ಬೇರಿಂಗ್ ಕಾರ್ಖಾನೆ ಮತ್ತೆ ಎದ್ದು ನಿಂತಿತು.

ಯಾಕೆ ಹಾಗಾಯಿತು ಅನ್ನುವುದಕ್ಕೆ ಸೇನೆಯವರು ನೂರು ಕಾರಣ ಬರೆದಿದ್ದಾರೆ. ಶಾಪ್ ಫ್ಲೋರಿನಲ್ಲಿ ನಿಂತು ನೋಡಿದರೆ ನನಗೆ ಮುಖ್ಯ ಕಾರಣ ಒಂದೇ ಅನ್ನಿಸುತ್ತದೆ. ಮೇಲಿಂದ ಫೋಟೋ ತೆಗೆದವರು ಎಣಿಸಿದ್ದು ಸೂರುಗಳನ್ನು. ಸೂರು ಕುಸಿದರೆ ಕಾರ್ಖಾನೆ ಸತ್ತಿತು ಅಂದುಕೊಂಡರು. ಆದರೆ ಕಾರ್ಖಾನೆ ಅಂದರೆ ಸೂರಲ್ಲ, ಯಂತ್ರ. ಯಂತ್ರದ ಬೆಡ್, ಅಂದರೆ ಅಡಿಪೀಠ, ಎರಕದ ಕಬ್ಬಿಣ. ಅದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಇದರ ಬಗ್ಗೆ ತಿಳಿದವರು ಬರೆಯಿರಿ. ನಾನು ಓದಿರುವುದು ಕಡಿಮೆ, ಕೇಳುವ ಆಸೆ ಜಾಸ್ತಿ.

ಇತಿಹಾಸ ಮೇಷ್ಟ್ರು:

ಫಿಟ್ಟರ್ ಅವರೇ, ಒಳ್ಳೆಯ ವಿಷಯ ಎತ್ತಿದಿರಿ. ಯಂತ್ರಗಳ ಮಾತಿಗೆ ಆಮೇಲೆ ಬರೋಣ. ಮೊದಲು ಆ ದಿನದ ಬೆಳಗ್ಗೆ ಏನಾಯಿತು ಅಂತ ಹೇಳುತ್ತೇನೆ. ಅರ್ಧ ಸೋಲು ಅಲ್ಲೇ, ಇಂಗ್ಲೆಂಡಿನ ನೆಲದ ಮೇಲೇ ಆಗಿಹೋಗಿತ್ತು.

ಯೋಜನೆ ಚೆನ್ನಾಗಿತ್ತು. ಎರಡು ಗುಂಪು. ಕರ್ನಲ್ ಕರ್ಟಿಸ್ ಲಿಮೇ ಮುಂದಾಳಾಗಿದ್ದ 146 ವಿಮಾನಗಳು ರೆಗೆನ್ಸ್‌ಬರ್ಗ್‌ಗೆ. ಬ್ರಿಗೇಡಿಯರ್ ಜನರಲ್ ರಾಬರ್ಟ್ ವಿಲಿಯಮ್ಸ್ ಅವರ 230 ವಿಮಾನಗಳು ಶ್ವೈನ್‌ಫರ್ಟ್‌ಗೆ. ಮೊದಲ ಗುಂಪು ಬಾಂಬ್ ಹಾಕಿ ಹಿಂದಕ್ಕೆ ತಿರುಗುವುದಿಲ್ಲ. ಆಲ್ಪ್ಸ್ ಬೆಟ್ಟ ದಾಟಿ ಆಫ್ರಿಕಾದ ಅಲ್ಜೀರಿಯಾಕ್ಕೆ ಹೋಗಿ ಇಳಿಯುತ್ತದೆ. ಜರ್ಮನ್ ಪೈಲಟ್‌ಗಳು ಅದರ ಬೆನ್ನುಹತ್ತಿ, ಪೆಟ್ರೋಲ್ ಮುಗಿದು ಕೆಳಗಿಳಿದಾಗ, ಹತ್ತೇ ನಿಮಿಷದ ಹಿಂದೆ ಬರುವ ಎರಡನೇ ಗುಂಪಿಗೆ ದಾರಿ ಬಿಡುವು.

ಆ ಬೆಳಗ್ಗೆ ಮಂಜು ಕವಿಯಿತು. ರನ್‌ವೇ ಕಾಣದಷ್ಟು. ಲಿಮೇ ಅವರ ಹುಡುಗರು ಉಪಕರಣ ನೋಡಿಕೊಂಡೇ ಮಂಜಿನಲ್ಲಿ ಏರುವುದನ್ನು ಮೊದಲೇ ಅಭ್ಯಾಸ ಮಾಡಿದ್ದರು. ಜೊತೆಗೆ ಅವರು ಕತ್ತಲಾಗುವ ಮೊದಲು ಆಫ್ರಿಕಾ ಮುಟ್ಟಲೇಬೇಕಿತ್ತು. ಗೊತ್ತಿಲ್ಲದ ಮೈದಾನದಲ್ಲಿ ರಾತ್ರಿ ಇಳಿಯುವುದು ಆಗದ ಮಾತು. ಹಾಗಾಗಿ ಅವರು ಒಂದಷ್ಟು ಕಾದು ಹೊರಟೇಬಿಟ್ಟರು. ಎರಡನೇ ಗುಂಪಿನ ಮೈದಾನಗಳಲ್ಲಿ ಮಂಜು ಬಹಳ ಹೊತ್ತು ಕರಗಲಿಲ್ಲ.

ಹತ್ತು ನಿಮಿಷ ಇರಬೇಕಿದ್ದ ಅಂತರ ಮೂರು ಗಂಟೆಗೂ ಜಾಸ್ತಿ ಆಯಿತು. ಆ ಹೊತ್ತಿನಲ್ಲಿ ಜರ್ಮನ್ ಪೈಲಟ್‌ಗಳು ಕೆಳಗಿಳಿದರು, ಪೆಟ್ರೋಲ್ ತುಂಬಿಸಿಕೊಂಡರು, ಗುಂಡು ತುಂಬಿಸಿಕೊಂಡರು, ಮತ್ತೆ ಏರಿ ಕಾದು ನಿಂತರು. ರೆಗೆನ್ಸ್‌ಬರ್ಗ್ ಗುಂಪಿನಲ್ಲಿ 24 ವಿಮಾನ ಹೋದವು, ಶ್ವೈನ್‌ಫರ್ಟ್ ಗುಂಪಿನಲ್ಲಿ 36. ಒಂದೊಂದರಲ್ಲಿ ಹತ್ತು ಜನ. ಒಟ್ಟು 550ಕ್ಕೂ ಹೆಚ್ಚು ಮಂದಿ ಆ ಸಂಜೆ ಊಟಕ್ಕೆ ಬರಲಿಲ್ಲ. ಸತ್ತವರು ಎಷ್ಟೋ, ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆಸಿಕ್ಕವರು ಎಷ್ಟೋ. ಅಷ್ಟೇ ಅಲ್ಲ, ಆಫ್ರಿಕಾ ಮುಟ್ಟಿದವುಗಳಲ್ಲಿ ಐವತ್ತಕ್ಕೂ ಹೆಚ್ಚು ವಿಮಾನಗಳು ಜಖಂ ಆಗಿ ಅಲ್ಲೇ ಉಳಿದವು. ರಿಪೇರಿ ಮಾಡುವ ವ್ಯವಸ್ಥೆ ಅಲ್ಲಿ ಇರಲೇ ಇಲ್ಲ.

ಮಂಡ್ಯದ ಹುಡುಗ:

ಮೇಷ್ಟ್ರೇ, ಒಂದು ಪ್ರಶ್ನೆ. ತಪ್ಪು ತಿಳ್ಕೋಬೇಡಿ. ಅಷ್ಟು ದೊಡ್ಡ ವಿಮಾನಗಳ ಜೊತೆ ಕಾವಲಿಗೆ ಸಣ್ಣ ಫೈಟರ್ ವಿಮಾನಗಳನ್ನು ಕಳಿಸಬಹುದಿತ್ತಲ್ವಾ? ಮತ್ತೆ ಹಗಲಲ್ಲೇ ಯಾಕೆ ಹೋಗಬೇಕಿತ್ತು? ಬ್ರಿಟಿಷರು ರಾತ್ರಿ ಹೋಗ್ತಿದ್ರು ಅಂತ ಕೇಳಿದ್ದೇನೆ.

ಇತಿಹಾಸ ಮೇಷ್ಟ್ರು:

ತಪ್ಪೇನೂ ಇಲ್ಲಪ್ಪಾ, ಕೇಳಬೇಕಾದ್ದೇ.

ಕಳಿಸಿದ್ದರು. ಪಿ-47 ಥಂಡರ್‌ಬೋಲ್ಟ್, ಸ್ಪಿಟ್‌ಫೈರ್ ಎರಡೂ ಹೋಗಿದ್ದವು. ಆದರೆ ಥಂಡರ್‌ಬೋಲ್ಟಿನ ಟ್ಯಾಂಕ್ ಬೆಲ್ಜಿಯಂ ಗಡಿಯ ಯೂಪೆನ್ ಊರಿನ ತನಕ ಸಾಕಾಗುತ್ತಿತ್ತು, ಅಷ್ಟೆ. ಅಲ್ಲಿಗೆ ಬಂದ ಕೂಡಲೇ ಅವರು ರೆಕ್ಕೆ ಆಡಿಸಿ ವಾಪಸ್ ತಿರುಗಲೇಬೇಕು. ಜರ್ಮನ್ನರಿಗೆ ಆ ಗೆರೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ ಕಾಯುತ್ತಿದ್ದರು. ಅಲ್ಲಿಂದ ಮುಂದೆ ಬಾಂಬರ್‌ಗಳಿಗೆ ಅವುಗಳ ಸ್ವಂತ ಮಷೀನ್‌ಗನ್ನೇ ಗತಿ. ವಿಮಾನಗಳು ಒಂದಕ್ಕೊಂದು ಮೇಲೆಕೆಳಗೆ ಒತ್ತಾಗಿ ಹಾರಿದರೆ ಎಲ್ಲ ಬಂದೂಕುಗಳೂ ಸೇರಿ ಕೋಟೆಯ ಹಾಗೆ ಕಾಯುತ್ತವೆ ಅನ್ನುವ ನಂಬಿಕೆ ಇತ್ತು. ಆ ಸಾಲು ಕಟ್ಟುವ ಕ್ರಮವನ್ನು ರೂಢಿಗೆ ತಂದವರಲ್ಲಿ ಲಿಮೇ ಕೂಡ ಒಬ್ಬರು. ಆ ನಂಬಿಕೆ ಈ ದಿನ ಮುರಿಯಿತು.

ಹಗಲು ಯಾಕೆ ಅಂದರೆ, ರಾತ್ರಿ ಊರು ಸಿಗುತ್ತದೆ, ಕಾರ್ಖಾನೆ ಸಿಗುವುದಿಲ್ಲ. ಅಮೆರಿಕದವರಿಗೆ ಬಾಂಬಿಗೆ ಗುರಿ ಹಿಡಿಯುವ ನಾರ್ಡನ್ ಬಾಂಬ್‌ಸೈಟ್ ಅನ್ನುವ ಉಪಕರಣದ ಮೇಲೆ ಬಹಳ ಭರವಸೆ. ಗುರಿ ಕಣ್ಣಿಗೆ ಕಂಡರೆ ಕಾರ್ಖಾನೆಯನ್ನೇ ಆರಿಸಿ ಹೊಡೆಯಬಹುದು ಅಂತ. ಬ್ರಿಟಿಷ್ ಬಾಂಬರ್ ದಳದ ಮುಖ್ಯಸ್ಥ ಆರ್ಥರ್ ಹ್ಯಾರಿಸ್‌ಗೆ ಶ್ವೈನ್‌ಫರ್ಟ್ ಥರದ ಗುರಿಗಳ ಮೇಲೆ ನಂಬಿಕೆಯೇ ಇರಲಿಲ್ಲ. ಒಂದೇ ಗುಳಿಗೆಯಲ್ಲಿ ಎಲ್ಲ ಕಾಯಿಲೆ ವಾಸಿ ಅನ್ನುವವರ ಮಾತು ಅದು ಅಂತ ಅವರು ಹೇಳುತ್ತಿದ್ದರು. ಅದೇ ರಾತ್ರಿ ಅವರ ಸುಮಾರು 600 ವಿಮಾನಗಳು ಪೇನೆಮ್ಯುಂಡೆಯ ರಾಕೆಟ್ ಕೇಂದ್ರದ ಮೇಲೆ ಹೋದವು. ಅವುಗಳಲ್ಲಿ 40 ವಾಪಸ್ ಬರಲಿಲ್ಲ. ಮರುದಿನ ಜರ್ಮನ್ ವಾಯುಪಡೆಯ ಮುಖ್ಯ ಸೇನಾಧಿಕಾರಿ ಹಾನ್ಸ್ ಯೆಶೊನೆಕ್ ತಮಗೆ ತಾವೇ ಗುಂಡು ಹಾರಿಸಿಕೊಂಡು ಸತ್ತರು. ಒಂದೇ ದಿನದ ಲೆಕ್ಕ ಇದು, ಎರಡೂ ಕಡೆ.

ಸ್ಟೋರ್ಸ್ ಕೀಪರ್:

ನಾನು ಮೂವತ್ತು ವರ್ಷ ಸ್ಟೋರ್ಸ್‌ನಲ್ಲಿ ಕೂತವನು. ಫಿಟ್ಟರ್ ಅಣ್ಣ ಯಂತ್ರದ ಮಾತು ಹೇಳಿದರು, ನಾನು ರ‍್ಯಾಕ್‌ನ ಮಾತು ಹೇಳುತ್ತೇನೆ.

ಒಂದು ದೊಡ್ಡ ಕಾರ್ಖಾನೆಯಲ್ಲಿ ಬೇರಿಂಗ್ ಎಲ್ಲೆಲ್ಲಿ ಇರುತ್ತದೆ ಗೊತ್ತಾ? ಮುಖ್ಯ ಸ್ಟೋರ್ಸ್‌ನಲ್ಲಿ ಇರುತ್ತದೆ. ಅದು ಕಾಗದದ ಮೇಲೆ ಕಾಣುತ್ತದೆ. ಅದಲ್ಲದೆ ಪ್ರತಿ ಶಾಪ್‌ನ ಸಬ್-ಸ್ಟೋರ್ಸ್‌ನಲ್ಲಿ ಒಂದಷ್ಟು. ಫೋರ್‌ಮನ್ ಬೀರುವಿನಲ್ಲಿ ಒಂದಷ್ಟು, ಬೀಗ ಹಾಕಿ. ಅಸೆಂಬ್ಲಿ ಲೈನಿನ ಪಕ್ಕ ಟ್ರೇಗಳಲ್ಲಿ ಒಂದಷ್ಟು. ದಾರಿಯಲ್ಲಿ ಲಾರಿಯಲ್ಲಿ, ರೈಲಿನಲ್ಲಿ ಇನ್ನೊಂದಷ್ಟು. ನಾಳೆ ಮಾಲು ಬರಲ್ಲ ಅನ್ನುವ ಭಯ ಒಮ್ಮೆ ಹುಟ್ಟಿದರೆ ಎಲ್ಲರೂ ಕೂಡಿಡುತ್ತಾರೆ. ಇದು ಕಾಗದದಲ್ಲಿ ಎಲ್ಲೂ ಕಾಣುವುದಿಲ್ಲ. ನಮ್ಮಲ್ಲಿ ಸ್ಟಾಕ್ ತೆಗೆಯುವ ದಿನ ಎಂಥೆಂಥ ಮೂಲೆಯಿಂದ ಏನೇನು ಹೊರಬರುತ್ತಿತ್ತು ಅಂತ ನನಗೆ ಗೊತ್ತು.

ಜರ್ಮನಿಯಲ್ಲೂ ಹೀಗೇ ಆಯಿತು. ಶ್ವೈನ್‌ಫರ್ಟ್‌ನಲ್ಲಿ ತಯಾರಿಕೆ ಆಗಸ್ಟ್ ದಾಳಿಯ ನಂತರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿತ್ತು. ಅದು ಸಣ್ಣ ಪೆಟ್ಟಲ್ಲ. ಆದರೆ ವಿಮಾನ ಜೋಡಿಸುವ ಕಡೆ ಅದು ತಕ್ಷಣ ತಟ್ಟಲಿಲ್ಲ. ನಡುವೆ ಇದ್ದ ಮಾಲು ಅವರನ್ನು ದಾಟಿಸಿತು. ಬಾಂಬ್ ಬಿದ್ದದ್ದು ನಲ್ಲಿಯ ಮೇಲೆ. ಮನೆಯೊಳಗಿನ ಹಂಡೆ, ಕೊಡಪಾನ ಎಲ್ಲ ತುಂಬಿದ್ದವು.

ಇನ್ನೊಂದು ದಾರಿ ಸ್ವೀಡನ್. ಅದು ಯುದ್ಧದಲ್ಲಿ ಯಾರ ಕಡೆಯೂ ಇರಲಿಲ್ಲ. ಅಲ್ಲಿಯ ಎಸ್‌ಕೆಎಫ್ ಕಂಪನಿಯ ಬೇರಿಂಗ್ ಎರಡೂ ಕಡೆಗೆ ಹೋಗುತ್ತಿತ್ತು. ಶ್ವೈನ್‌ಫರ್ಟ್‌ನ ವಿಕೆಎಫ್ ಕಾರ್ಖಾನೆಯೂ ಅದೇ ಎಸ್‌ಕೆಎಫ್‌ನ ಅಂಗಸಂಸ್ಥೆ. ಬ್ರಿಟಿಷರಿಗೂ ಬೇರಿಂಗ್ ಎಷ್ಟು ಬೇಕಾಗಿತ್ತು ಅಂದರೆ, ಸ್ಟಾಕ್‌ಹೋಮ್‌ನಿಂದ ಸ್ಕಾಟ್ಲೆಂಡಿಗೆ ಮಾಸ್ಕಿಟೊ ವಿಮಾನದಲ್ಲಿ ತರಿಸುತ್ತಿದ್ದರು. ಬಾಂಬ್ ಇಡುವ ಗೂಡಿನಲ್ಲಿ ಬೇರಿಂಗ್ ಪೆಟ್ಟಿಗೆ. ಕೆಲವೊಮ್ಮೆ ಅದೇ ಗೂಡಿನಲ್ಲಿ ಒಬ್ಬ ಮನುಷ್ಯ ಮಲಗಿಕೊಂಡು, ಆಕ್ಸಿಜನ್ ಹಾಕಿಕೊಂಡು ಪ್ರಯಾಣ ಮಾಡುತ್ತಿದ್ದ. ಅಂಗೈಯಲ್ಲಿ ಹಿಡಿಯುವ ಒಂದು ಸಾಮಾನಿಗೆ ಇಷ್ಟು ಪಾಡು.

ಪೀಣ್ಯ ಫಿಟ್ಟರ್:

ಸ್ಟೋರ್ಸ್ ಅಣ್ಣ, ಹಂಡೆ ಮಾತು ಮನಸ್ಸಿಗೆ ನಾಟಿತು.

ಈಗ ಯಂತ್ರದ ಮಾತು. ಗುಂಡು ಉಜ್ಜುವ ಯಂತ್ರ ಅಂದರೆ ಎರಡು ಭಾರಿ ತಟ್ಟೆ. ಒಂದು ನಿಂತಿರುತ್ತದೆ, ಒಂದು ತಿರುಗುತ್ತದೆ. ನಡುವಿನ ಕಾಲುವೆಯಂಥ ಗೆರೆಯಲ್ಲಿ ಗುಂಡುಗಳು ಉರುಳುತ್ತಾ ಸವೆದು ಸಮ ಆಗುತ್ತವೆ. ಬೀಸುವ ಕಲ್ಲು ನೆನಪು ಮಾಡಿಕೊಳ್ಳಿ, ಹೆಚ್ಚುಕಮ್ಮಿ ಅದೇ. ಬೀಸುವ ಕಲ್ಲಿನ ಮೇಲೆ ಮನೆಯ ಹೆಂಚು ಬಿದ್ದರೆ ಕಲ್ಲಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಹೆಂಚು ಗುಡಿಸಿ ಮತ್ತೆ ಬೀಸುತ್ತೀರಿ.

ನೇರವಾಗಿ ಬಾಂಬ್ ಬಿದ್ದರೆ ಬೇರೆ ಮಾತು. ಬೆಂಕಿ ಹತ್ತಿದರೂ ಕಷ್ಟ, ಗ್ರೈಂಡಿಂಗ್ ಶಾಪ್‌ನಲ್ಲಿ ಎಣ್ಣೆ ಇರುತ್ತದೆ, ಬೆಲ್ಟು ಸುಡುತ್ತದೆ, ಸ್ಪಿಂಡಲ್ ಬಾಗುತ್ತದೆ. ಆದರೆ 500 ಪೌಂಡಿನ ಬಾಂಬ್ ಮೂವತ್ತು ಅಡಿ ದೂರ ಬಿದ್ದರೆ ಗೋಡೆ ಹೋಗುತ್ತದೆ, ಗಾಜು ಹೋಗುತ್ತದೆ, ಲೇತ್ ಮಾತ್ರ ಮಣ್ಣು ಮೆತ್ತಿಕೊಂಡು ಹಾಗೇ ನಿಂತಿರುತ್ತದೆ. ಯುದ್ಧ ಮುಗಿದ ಮೇಲೆ ಅಮೆರಿಕದವರೇ ಜರ್ಮನಿಗೆ ಹೋಗಿ ಸಮೀಕ್ಷೆ ಮಾಡಿದರು. ಎಲ್ಲ ಕಡೆ ಕಂಡದ್ದು ಅದೇ. ಕಟ್ಟಡಕ್ಕೆ ಆದ ಹಾನಿ ಜಾಸ್ತಿ, ಯಂತ್ರಕ್ಕೆ ಆದದ್ದು ಅದಕ್ಕಿಂತ ಬಹಳ ಕಡಿಮೆ. ಬೇರಿಂಗ್ ಮೇಲಿನ ದಾಳಿಯಿಂದ ಮುಖ್ಯ ಯುದ್ಧ ಸಾಮಗ್ರಿಯ ತಯಾರಿಕೆ ಅಳೆಯುವಷ್ಟು ಕುಸಿಯಿತು ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಅವರೇ ಬರೆದುಕೊಂಡರು.

ಇನ್ನೊಂದು ಉಪಾಯ ಅವರು ಮಾಡಿದ್ದು ಕೇಳಿ ನನಗೆ ನಮ್ಮ ಶಾಪ್ ನೆನಪಾಯಿತು. ಎಲ್ಲಿ ಆಗುತ್ತೋ ಅಲ್ಲೆಲ್ಲ ಬಾಲ್ ಬೇರಿಂಗ್ ತೆಗೆದು ಬುಷ್, ಅಂದರೆ ಗುಂಡಿಲ್ಲದ ಬರೀ ಲೋಹದ ಬಳೆ, ಹಾಕಿದರು. ನಮ್ಮಲ್ಲೂ ಬೇರಿಂಗ್ ಸಿಗದಿದ್ದರೆ ಗನ್‌ಮೆಟಲ್ ಬುಷ್ ತಿರುವಿ ಹಾಕುತ್ತೇವಲ್ಲ, ಅದೇ. ನಿಧಾನ ತಿರುಗುವ ಜಾಗಕ್ಕೆ ಅದು ಸಾಕು. ಡ್ರಾಯಿಂಗ್ ನೋಡುತ್ತಾ ಹೋದಾಗ, ಎಷ್ಟೋ ಕಡೆ ಬಾಲ್ ಬೇರಿಂಗ್ ಸುಮ್ನೆ ಹಾಕಿದ್ದರು, ಅಲ್ಲಿ ಅದು ಬೇಕೇ ಇರಲಿಲ್ಲ ಅಂತ ಅವರಿಗೇ ಗೊತ್ತಾಯಿತು.

ರೆಕ್ಕೆಪುಕ್ಕ:

ಎಲ್ಲರ ಮಾತೂ ಓದಿದೆ. ಆದರೆ ಫಿಟ್ಟರ್ ಸರ್, ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ನೀವು ಹೇಳುವುದು ಕೇಳಿದರೆ ಆ ಹುಡುಗರು ಸುಮ್ನೆ ಸತ್ತರು ಅನ್ನುವ ಹಾಗಿದೆ. ಜರ್ಮನಿಯ ಯುದ್ಧ ಸಾಮಗ್ರಿ ಮಂತ್ರಿ ಆಲ್ಬರ್ಟ್ ಸ್ಪೀರ್ ಆಮೇಲೆ ಬರೆದದ್ದು ಬೇರೆಯೇ. ಬಿಡದೆ ಹೊಡೆಯುತ್ತಾ ಹೋಗಿದ್ದರೆ ನಾಲ್ಕು ತಿಂಗಳಲ್ಲಿ ಎಲ್ಲ ನಿಂತುಹೋಗುತ್ತಿತ್ತು ಅನ್ನುವ ಅರ್ಥದ ಮಾತು ಅದು. ಅಂದರೆ ಗುರಿ ಸರಿಯಾಗಿತ್ತು. ಮತ್ತೆ ಮತ್ತೆ ಹೋಗಲು ಆಗಲಿಲ್ಲ, ಅದು ತೊಂದರೆ. ಎರಡನೇ ಸಲ ಹೋಗಿದ್ದು ಎರಡು ತಿಂಗಳ ಮೇಲೆ, ಅಕ್ಟೋಬರ್ 14ಕ್ಕೆ. 291 ವಿಮಾನ ಹೊರಟವು. ಮತ್ತೆ 60 ಹೋದವು. ಆದರೆ ಆ ಸಲ ತಯಾರಿಕೆ ಮೂರರಲ್ಲಿ ಎರಡು ಭಾಗ ಬಿತ್ತು. ಸ್ಪೀರ್ ಬೇರಿಂಗ್‌ಗೆಂದೇ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸಿದ್ದು ಆಗಲೇ. ಭಯ ಇಲ್ಲದಿದ್ದರೆ ಹಾಗೆ ಮಾಡುತ್ತಿದ್ದರಾ?

ಆ ಹುಡುಗರ ಪಾಡು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಬಿ-17ರ ಒಳಗೆ ಬೆಚ್ಚಗಿನ ಗಾಳಿ ಇಲ್ಲ. ಪಕ್ಕದ ಕಿಟಕಿ ತೆರೆದೇ ಇರುತ್ತದೆ, ಅಲ್ಲೇ ಬಂದೂಕು. ಎತ್ತರಕ್ಕೆ ಹೋದರೆ ಸೊನ್ನೆಗಿಂತ ಮೂವತ್ತು ನಲವತ್ತು ಡಿಗ್ರಿ ಕೆಳಗೆ. ಬರಿಗೈಯಲ್ಲಿ ಬಂದೂಕು ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ಆಕ್ಸಿಜನ್ ಮುಖವಾಡದೊಳಗೆ ಉಸಿರು ಮಂಜುಗಡ್ಡೆ ಆಗುತ್ತದೆ. ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನವರು. 25 ಸಲ ಹೋಗಿಬಂದರೆ ಮನೆಗೆ ಕಳಿಸುತ್ತಾರೆ. ಪ್ರತಿ ಸಲ ನೂರಕ್ಕೆ ನಾಲ್ಕು ವಿಮಾನ ಹೋದರೂ, 25 ಮುಗಿಸುವವರು ನೂರಕ್ಕೆ 36. ಆಗಸ್ಟ್ 17ರಂದು ಹೋದದ್ದು ನೂರಕ್ಕೆ 16. ಅದೇ ಲೆಕ್ಕದಲ್ಲಿ 25 ಸಲ ಹೋದರೆ ನೂರಕ್ಕೆ ಒಬ್ಬ ಉಳಿಯುತ್ತಾನೆ. ಈ ಲೆಕ್ಕ ಹಾಕಲು ಆ ಹುಡುಗರಿಗೂ ಬರುತ್ತಿತ್ತು. ಆದರೂ ಮಾರನೇ ಸಲ ಹತ್ತಿದರು.

ಇನ್ನೂ ಒಂದು. ಈ ದಾಳಿಗಳಿಂದಲೇ ಮುಂದಿನ ಪಾಠ ಬಂತು. ಬೇಕಾದದ್ದು ಬರ್ಲಿನ್ ತನಕ ಹೋಗಿಬರುವ ಕಾವಲು ವಿಮಾನ. ಅಮೆರಿಕದ ಪಿ-51 ಮಸ್ಟ್ಯಾಂಗ್‌ಗೆ ಬ್ರಿಟಿಷ್ ವಿನ್ಯಾಸದ ಮರ್ಲಿನ್ ಇಂಜಿನ್ ಕೂರಿಸಿ, ರೆಕ್ಕೆ ಕೆಳಗೆ ಕಳಚಿ ಬೀಳುವ ಟ್ಯಾಂಕ್ ನೇತುಹಾಕಿದರು. 1944ರ ಫೆಬ್ರವರಿ 20ರಿಂದ 25ರವರೆಗೆ ಮತ್ತೆ ವಿಮಾನ ಕಾರ್ಖಾನೆಗಳ ಮೇಲೇ ಹೋದರು. ಲೈಪ್‌ಜಿಗ್, ಔಗ್ಸ್‌ಬರ್ಗ್, ಮತ್ತೆ ರೆಗೆನ್ಸ್‌ಬರ್ಗ್, ಮತ್ತೆ ಶ್ವೈನ್‌ಫರ್ಟ್. ಅದನ್ನು ದೊಡ್ಡ ವಾರ ಅಂತಲೇ ಕರೆಯುತ್ತಾರೆ. ಅಮೆರಿಕದವರು 226 ಬಾಂಬರ್ ಕಳೆದುಕೊಂಡರು. ಕಾರ್ಖಾನೆ ಉಳಿಸಲು ಜರ್ಮನ್ ಪೈಲಟ್‌ಗಳು ಮೇಲೆ ಬರಲೇಬೇಕಾಯಿತು. ಈ ಸಲ ಮೇಲೆ ಮಸ್ಟ್ಯಾಂಗ್ ಕಾಯುತ್ತಿತ್ತು.

ಪೀಣ್ಯ ಫಿಟ್ಟರ್:

ರೆಕ್ಕೆಪುಕ್ಕ ಅವರೇ, ಸುಮ್ನೆ ಸತ್ತರು ಅಂತ ನಾನು ಬರೆದಿಲ್ಲ. ಹಾಗೆ ಕೇಳಿಸಿದ್ದರೆ ಕ್ಷಮಿಸಿ. ನೂರಕ್ಕೆ ಒಬ್ಬ ಅನ್ನುವ ಲೆಕ್ಕ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಮಗನಿಗೂ ಈಗ ಇಪ್ಪತ್ತು.

ಆದರೆ ನನ್ನ ಪ್ರಶ್ನೆ ಬೇರೆ. ದೊಡ್ಡ ವಾರದ ಮೇಲೂ ತಯಾರಿಕೆ ನಿಂತಿತಾ? ಜರ್ಮನಿ 1942ರಲ್ಲಿ ಮಾಡಿದ ವಿಮಾನ ಸುಮಾರು 15 ಸಾವಿರ. 1943ರಲ್ಲಿ 25 ಸಾವಿರದ ಹತ್ತಿರ. ಇಷ್ಟೆಲ್ಲ ಬಾಂಬ್ ಬಿದ್ದ 1944ರಲ್ಲಿ ಹೆಚ್ಚುಕಮ್ಮಿ 40 ಸಾವಿರ. ಇದಕ್ಕೆ ಏನು ಹೇಳುತ್ತೀರಿ?

ರೆಕ್ಕೆಪುಕ್ಕ:

ಸರಿ ಸರ್, ಆ ಅಂಕಿ ಒಪ್ಪುತ್ತೇನೆ. ವಿಮಾನ ಜಾಸ್ತಿ ಆಯಿತು. ಹಾರಿಸುವವರು ಇರಲಿಲ್ಲ. ಮಾರ್ಚ್ 1944ರಲ್ಲಿ ಫೈಟರ್ ತಯಾರಿಕೆಗೆಂದೇ ಒಂದು ವಿಶೇಷ ದಳ ಮಾಡಿ ಕಾರ್ಖಾನೆಗಳನ್ನು ನೂರಾರು ಕಡೆ ಹಂಚಿದರು, ಕಾಡಿನಲ್ಲಿ, ಸುರಂಗದಲ್ಲಿ. ಆದರೆ ಪೈಲಟ್‌ನನ್ನು ಸುರಂಗದಲ್ಲಿ ಮಾಡಲು ಆಗುವುದಿಲ್ಲ. 1944ರಲ್ಲಿ ಹೊಸ ಜರ್ಮನ್ ಹುಡುಗ ಯುದ್ಧಕ್ಕೆ ಬರುವ ಹೊತ್ತಿಗೆ ಅವನಿಗೆ ಸಿಗುತ್ತಿದ್ದ ಹಾರಾಟದ ಗಂಟೆ ಅಮೆರಿಕದ ಹುಡುಗನಿಗೆ ಸಿಕ್ಕಿದ್ದರ ಅರ್ಧವೂ ಇಲ್ಲ. ಆಮೇಲೆ ಮೇ ತಿಂಗಳಿಂದ ಕೃತಕ ಪೆಟ್ರೋಲ್ ಕಾರ್ಖಾನೆಗಳಿಗೆ ಹೊಡೆದರು. ಆ ಕಾರ್ಖಾನೆಗಳ ವಿಮಾನದ ಪೆಟ್ರೋಲ್ ಏಪ್ರಿಲ್‌ನಲ್ಲಿ 1,75,000 ಟನ್ ಇದ್ದದ್ದು ಸೆಪ್ಟೆಂಬರ್‌ಗೆ 5,000 ಟನ್‌ಗೆ ಇಳಿಯಿತು. ಹೊಸ ವಿಮಾನಗಳು ಸಾಲಾಗಿ ನಿಂತವು, ಟ್ಯಾಂಕ್ ಖಾಲಿ.

ಮಂಡ್ಯದ ಹುಡುಗ:

ಪೆಟ್ರೋಲನ್ನು ಬೀರುವಿನಲ್ಲಿ ಬಚ್ಚಿಡೋಕೆ ಆಗಲ್ಲ. ಬುಷ್ ಹಾಕಿದ ಹಾಗೆ ಬದಲಿಗೆ ಬೇರೆ ಏನನ್ನೋ ಹಾಕೋಕೂ ಆಗಲ್ಲ. ಅದಕ್ಕೇ ಅಲ್ವಾ?

ಸ್ಟೋರ್ಸ್ ಕೀಪರ್:

ಅದಕ್ಕೇ ಕಣಪ್ಪಾ. ಬೇರಿಂಗ್ ಹಾಕಿದರೆ ವರ್ಷಗಟ್ಟಲೆ ಇರುತ್ತದೆ. ಪೆಟ್ರೋಲ್ ಇವತ್ತು ತುಂಬಿಸಿದ್ದು ಇವತ್ತೇ ಖಾಲಿ.

ಬವೇರಿಯಾ ಕನ್ನಡತಿ:

ನಾನು ಎಂಟು ವರ್ಷದಿಂದ ನ್ಯೂರೆಂಬರ್ಗ್‌ನಲ್ಲಿ ಇದ್ದೇನೆ. ನೀವು ಹೇಳುವ ಎರಡೂ ಊರಿಗೆ ಹೋಗಿದ್ದೇನೆ.

ರೆಗೆನ್ಸ್‌ಬರ್ಗ್ ಬಹಳ ಚೆಂದದ ಊರು. ಡ್ಯಾನ್ಯೂಬ್ ನದಿಗೆ ಹನ್ನೆರಡನೇ ಶತಮಾನದ ಕಲ್ಲಿನ ಸೇತುವೆ ಇದೆ. ಹಳೆಯ ಊರು ಹೆಚ್ಚಾಗಿ ಉಳಿದುಕೊಂಡಿದೆ. ಮೆಸರ್‌ಶ್ಮಿಟ್ ಕಾರ್ಖಾನೆ ಇದ್ದದ್ದು ಊರಿನ ಪಶ್ಚಿಮಕ್ಕೆ, ಪ್ರ್ಯೂಫೆನಿಂಗ್ ಕಡೆ. ಅಲ್ಲಿ ಆ ದಿನ ಸುಮಾರು 400 ಜನ ಸತ್ತರು. ಬಹುತೇಕ ಕೆಲಸಕ್ಕೆ ಬಂದವರು. ಶ್ವೈನ್‌ಫರ್ಟ್‌ನಲ್ಲಿ ಸುಮಾರು 200. ಯುದ್ಧ ಮುಗಿಯುವುದರೊಳಗೆ ಶ್ವೈನ್‌ಫರ್ಟ್ ಮೇಲೆ ಒಟ್ಟು 22 ಸಲ ಬಾಂಬ್ ಬಿತ್ತು. ಹಳೆಯ ಕಟ್ಟಡ ಅಲ್ಲಿ ಕಡಿಮೆಯೇ. ಬೇರಿಂಗ್ ಕಾರ್ಖಾನೆಗಳು ಇವತ್ತಿಗೂ ಇವೆ, ಜನ ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ಹೋಗುತ್ತಿರುತ್ತಾರೆ.

ಆದರೆ ನಾನು ಹೇಳಬೇಕೆಂದಿರುವುದು ಮೂರನೇ ಊರಿನ ಬಗ್ಗೆ. ಈ ಚರ್ಚೆಯಲ್ಲಿ ಅದರ ಹೆಸರು ಇನ್ನೂ ಬಂದಿಲ್ಲ. ಫ್ಲೋಸೆನ್‌ಬ್ಯುರ್ಗ್. ಜೆಕ್ ಗಡಿಯ ಹತ್ತಿರ ಬೆಟ್ಟದ ಮೇಲೆ. ಅಲ್ಲಿ ನಾಜಿಗಳ ಸೆರೆಶಿಬಿರ ಇತ್ತು. ಮೊದಲು ಕೈದಿಗಳಿಂದ ಗ್ರಾನೈಟ್ ಕಲ್ಲು ಒಡೆಸುತ್ತಿದ್ದರು. 1943ರಿಂದ ಮೆಸರ್‌ಶ್ಮಿಟ್ ವಿಮಾನದ ಭಾಗ ಮಾಡಿಸತೊಡಗಿದರು. ರೆಗೆನ್ಸ್‌ಬರ್ಗ್‌ಗೆ ಬಾಂಬ್ ಬಿದ್ದ ಮೇಲೆ ಅಲ್ಲಿಯ ಕೆಲಸವನ್ನು ಇನ್ನೂ ಜಾಸ್ತಿ ಈ ಕಡೆ ಸಾಗಿಸಿದರು. ಕಲ್ಲುಗಣಿಯ ಪಕ್ಕದ ಶೆಡ್‌ಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳು ವಿಮಾನದ ಕೆಲಸಕ್ಕೆ ಬಿದ್ದರು. ಆಸ್ಟ್ರಿಯಾದ ಗುಸೆನ್ ಶಿಬಿರದಲ್ಲೂ ಅದೇ. ಅಲ್ಲಿ ಸುರಂಗ ಕೊರೆಸಿ ಮಿ-262 ಜೆಟ್ ವಿಮಾನದ ಒಡಲು ಮಾಡಿಸಿದರು.

ಹೋದ ನವೆಂಬರ್‌ನಲ್ಲಿ ನಾನು ಫ್ಲೋಸೆನ್‌ಬ್ಯುರ್ಗ್‌ಗೆ ಹೋಗಿದ್ದೆ. ಗಾಳಿ ಮೂಳೆ ಕೊರೆಯುತ್ತಿತ್ತು, ನನ್ನ ಮೈಮೇಲೆ ದಪ್ಪ ಜಾಕೆಟ್ ಇತ್ತು. ಕೈದಿಗಳನ್ನು ಸಾಲು ನಿಲ್ಲಿಸಿ ಎಣಿಸುತ್ತಿದ್ದ ಅಂಗಳ ಇನ್ನೂ ಇದೆ. ಕಲ್ಲುಗಣಿಯೂ ಪಕ್ಕದಲ್ಲೇ ಇದೆ. ಫಿಟ್ಟರ್ ಅಣ್ಣ, ನೀವು 40 ಸಾವಿರ ವಿಮಾನ ಅಂದಿರಲ್ಲ, ಅದು ಬರೀ ಜಾಣತನದಿಂದ ಆಗಿದ್ದಲ್ಲ. ಲೇತ್ ಉಳಿಯಿತು, ನಿಜ. ಅದರ ಮುಂದೆ ನಿಲ್ಲಿಸಲು ಅವರು ಯಾರನ್ನು ಹಿಡಿದು ತಂದರು ಅಂತಲೂ ಬರೆಯಬೇಕು.

ಪೀಣ್ಯ ಫಿಟ್ಟರ್:

ಅಕ್ಕಾ, ಇದು ನನಗೆ ಗೊತ್ತೇ ಇರಲಿಲ್ಲ.

ರಿವೆಟ್ ಹೊಡೆಯುವುದು ಸುಲಭದ ಕೆಲಸ ಅಲ್ಲ. ಒಬ್ಬ ಹೊರಗಿಂದ ಗನ್ ಹಿಡಿಯಬೇಕು, ಇನ್ನೊಬ್ಬ ಒಳಗಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಹೊಟ್ಟೆಗೆ ಅನ್ನ ಇಲ್ಲದವನ ಕೈ ನಡುಗುತ್ತದೆ. ಕೈ ನಡುಗಿ ರಿವೆಟ್ ಸೊಟ್ಟ ಆದರೆ ಅವನಿಗೆ ಅಲ್ಲಿ ಏನು ಮಾಡುತ್ತಿದ್ದರೋ. ನಾನು ಯಂತ್ರವನ್ನೇ ನೋಡುತ್ತಿದ್ದೆ. ನೀವು ಬರೆದದ್ದು ಒಳ್ಳೆಯದಾಯಿತು.

ಇತಿಹಾಸ ಮೇಷ್ಟ್ರು:

ಕನ್ನಡತಿ ಮೇಡಂ ಹೇಳಿದ್ದು ಮುಖ್ಯ ಮಾತು. ನಾನೂ ವಿಮಾನ, ಟನ್ನು, ಗಂಟೆ ಅಂತಲೇ ಹೇಳುತ್ತಾ ಹೋದೆ.

ಲೆಕ್ಕದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಆ ದಿನ ತಾವು 288 ಜರ್ಮನ್ ವಿಮಾನ ಬೀಳಿಸಿದ್ದೇವೆ ಅಂತ ಅಮೆರಿಕದ ಬಂದೂಕುದಾರರು ಹೇಳಿದರು. ಜರ್ಮನ್ ದಾಖಲೆ ತೆರೆದು ನೋಡಿದಾಗ ಅದರ ಐದನೇ ಒಂದು ಭಾಗವೂ ಇರಲಿಲ್ಲ. ಸುಳ್ಳು ಹೇಳಿದ್ದಲ್ಲ ಅದು. ಹೊಗೆ ಬಿಟ್ಟುಕೊಂಡು ಕೆಳಗೆ ಹೋದ ಒಂದೇ ವಿಮಾನಕ್ಕೆ ಹತ್ತು ಬಂದೂಕು ಗುಂಡು ಹಾರಿಸಿರುತ್ತವೆ. ಹತ್ತೂ ಜನ ತಾನೇ ಬೀಳಿಸಿದೆ ಅಂತ ಪ್ರಾಮಾಣಿಕವಾಗಿ ನಂಬಿರುತ್ತಾರೆ. ಮೇಲಧಿಕಾರಿಗಳಿಗೆ ಆ ಅಂಕಿ ಬೇಕಾಗಿತ್ತು. ಹಾಗಾಗಿ ಅಕ್ಟೋಬರ್‌ನಲ್ಲಿ ಮತ್ತೆ ಕಾವಲಿಲ್ಲದೆ ಕಳಿಸುವ ಧೈರ್ಯ ಬಂತು ಅಂತ ನನ್ನ ಅನಿಸಿಕೆ.

ಆಫ್ರಿಕಾಕ್ಕೆ ಹೋದವರ ಕತೆಯನ್ನೂ ಮುಗಿಸಿಬಿಡುತ್ತೇನೆ. ಅಲ್ಜೀರಿಯಾದಲ್ಲಿ ಮಲಗಲು ಸರಿಯಾದ ಜಾಗ ಇರಲಿಲ್ಲ, ವಿಮಾನದ ರೆಕ್ಕೆ ಕೆಳಗೇ ಮಲಗಿದರು. ಆಗಸ್ಟ್ 24ರಂದು, ಹಾರಬಲ್ಲ ವಿಮಾನಗಳು ದಾರಿಯಲ್ಲಿ ಫ್ರಾನ್ಸಿನ ಬೋರ್ಡೊ ಊರಿನ ವಿಮಾನ ನಿಲ್ದಾಣದ ಮೇಲೆ ಬಾಂಬ್ ಹಾಕಿ ಇಂಗ್ಲೆಂಡಿಗೆ ಮರಳಿದವು. 96ನೇ ಬಾಂಬರ್ ದಳದ ಹುಡುಗರು ಅಲ್ಲಿಂದ ಒಂದು ಕತ್ತೆಮರಿ ತಂದರು. ಎತ್ತರದಲ್ಲಿ ಅದಕ್ಕೂ ಆಕ್ಸಿಜನ್ ಕೊಟ್ಟು ತಂದರಂತೆ. ಲೇಡಿ ಮೋ ಅಂತ ಹೆಸರಿಟ್ಟು ಸಾಕಿದರು. ಅಷ್ಟೆಲ್ಲ ಗೆಳೆಯರನ್ನು ಕಳೆದುಕೊಂಡ ವಾರದಲ್ಲಿ ಅವರಿಗೆ ಆ ಮರಿ ಏನಾಗಿತ್ತು ಅಂತ ನನಗೆ ಅರ್ಥವಾಗುತ್ತದೆ.

ಎಚ್‌ಎಎಲ್ ಮೊಮ್ಮಗಳು:

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಮ್ಮ ಬೆಂಗಳೂರಿನ ಒಂದು ಕೊಂಡಿ ಇದೆ, ಬರೆಯಲಾ?

ರೆಗೆನ್ಸ್‌ಬರ್ಗ್‌ಗೆ ನಾಲ್ಕು ದಿನ ಮೊದಲು, ಆಗಸ್ಟ್ 13ರಂದು, ಆಸ್ಟ್ರಿಯಾದ ವೀನರ್ ನಾಯ್‌ಸ್ಟಾಟ್‌ನಲ್ಲಿದ್ದ ಮೆಸರ್‌ಶ್ಮಿಟ್ ಕಾರ್ಖಾನೆ ಮೇಲೂ ದಾಳಿ ಆಯಿತು. ಎರಡೂ ಕಡೆ ಒಂದೇ ದಿನ ಹೊಡೆಯುವುದು ಮೊದಲಿನ ಯೋಜನೆ. ಹವಾಮಾನ ಕೂಡಿಬರಲಿಲ್ಲ. ಅಲ್ಲಿಗೆ ಹೋದದ್ದು ಬಿ-24 ಲಿಬರೇಟರ್ ವಿಮಾನಗಳು.

ಆ ಜಾತಿಯ ವಿಮಾನ ಆಮೇಲೆ ನಮ್ಮ ಬೆಂಗಳೂರಿಗೆ ಬಂತು. ಯುದ್ಧ ಮುಗಿದ ಮೇಲೆ ಬ್ರಿಟಿಷರ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಗುಜರಿಯಂತೆ ಬಿಟ್ಟುಹೋದರು. ಅಮೆರಿಕದಿಂದ ಕಡವಾಗಿ ಬಂದವು ಅವು, ಇನ್ನೊಬ್ಬರ ಕೈಗೆ ಸಿಗಬಾರದು ಅಂತ ಬೇಕಂತಲೇ ಹಾಳುಮಾಡಿದ್ದರು. ಭಾರಿ ಯಂತ್ರಗಳಿಂದ ಗುದ್ದಿಸಿದ್ದರು, ಒಡಲಿಗೆ ತೂತು ಹೊಡೆದಿದ್ದರು, ಇಂಜಿನ್‌ಗೆ ಮರಳು ಸುರಿದಿದ್ದರು. ಸ್ವಾತಂತ್ರ್ಯ ಬಂದ ಹೊಸತು, ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಇರಲಿಲ್ಲ, ಕೊಳ್ಳಲು ದುಡ್ಡೂ ಇರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು (ಈಗಿನ ಎಚ್‌ಎಎಲ್) ಕಾನ್ಪುರಕ್ಕೆ ಹೋದರು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು, ಸುಮಾರು ನಲವತ್ತು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದರು. 1948ರ ಕೊನೆಗೆ ವಾಯುಪಡೆಗೆ ಸೇರಿದವು, 1968ರವರೆಗೆ ಹಾರಿದವು.

ನಮ್ಮ ತಾತ ಆಗ ಅಲ್ಲಿ ಫಿಟ್ಟರ್. ಇಂಜಿನ್ ಬಿಚ್ಚಿದಾಗ ಟ್ರೇ ತುಂಬ ಮರಳು ಬೀಳುತ್ತಿತ್ತು ಅಂತ ಹೇಳುತ್ತಿದ್ದರು. ಫಿಟ್ಟರ್ ಅಂಕಲ್, ಸೂರು ಬಿದ್ದರೂ ಲೇತ್ ಉಳಿಯಿತು ಅಂದಿರಲ್ಲ, ಅದು ಓದಿ ತಾತ ನೆನಪಾದರು.

ಪೀಣ್ಯ ಫಿಟ್ಟರ್:

ಅಯ್ಯೋ ತಾಯಿ, ಇದನ್ನು ಮೊದಲೇ ಬರೆಯಬಾರದಿತ್ತಾ! ನನಗೆ ಒಂದೇ ಕುತೂಹಲ. ಮರಳು ಹೊಕ್ಕ ಬೇರಿಂಗ್‌ಗಳನ್ನು ಏನು ಮಾಡಿದರು? ತೊಳೆದು ಹಾಕಿದರಾ, ಬದಲಾಯಿಸಿದರಾ? ತಾತ ಏನಾದರೂ ಹೇಳಿದ್ದರಾ?

ಎಚ್‌ಎಎಲ್ ಮೊಮ್ಮಗಳು:

ಎಲ್ಲ ಇಂಜಿನ್‌ಗೂ ಏನು ಮಾಡಿದರೋ ಗೊತ್ತಿಲ್ಲ ಅಂಕಲ್. ತಾತ ತಾವು ಮಾಡಿದ್ದು ಹೇಳುತ್ತಿದ್ದರು. ಒಂದೊಂದನ್ನೂ ಪೆಟ್ರೋಲ್‌ನಲ್ಲಿ ತೊಳೆದು, ಬೆರಳಿಗೆ ಸಿಕ್ಕಿಸಿ, ತಿರುಗಿಸಿ, ಕಿವಿ ಹತ್ತಿರ ಹಿಡಿಯುತ್ತಿದ್ದರಂತೆ. ಗರಗರ ಅಂದದ್ದು ಒಂದು ಡಬ್ಬಕ್ಕೆ, ಸದ್ದಿಲ್ಲದೆ ತಿರುಗಿದ್ದು ಇನ್ನೊಂದು ಡಬ್ಬಕ್ಕೆ.